ಮುನ್ನೂರು ಪೀಪಾಯಿ ದಿನಸಿ ಮತ್ತು ನ್ಯಾನ್ಸಿ ಎಂಬ ಪುಟ್ಟ ಹಡಗು

ಟೊರಾಂಟೊ ಸುತ್ತಮುತ್ತ ಇರುವ ನಮ್ಮ ಕನ್ನಡದವರಿಗೆ ವಸಾಗ ಬೀಚ್ ಹೊಸ ಜಾಗವೇನಲ್ಲ. ಬೇಸಿಗೆ ಬಂದರೆ ಸಾಕು, ಪುಳಿಯೋಗರೆ ಮೊಸರನ್ನ ಡಬ್ಬಿಗೆ ತುಂಬಿಕೊಂಡು, ಕಾರು ಹತ್ತಿ, ಹ್ಯೂರನ್ ಸರೋವರದ ಆ 14 ಕಿಲೋಮೀಟರ್ ಉದ್ದದ ಮರಳಿನಲ್ಲಿ ಮಕ್ಕಳನ್ನು ಆಡಲು ಬಿಟ್ಟು ಕೂರುವವರು ಎಷ್ಟೋ ಜನ. ಆ ಮರಳಿನ ಹಿಂದೆಯೇ ನಾಟವಸಾಗ ನದಿ ಹರಿಯುತ್ತದೆ. ನದಿಯಲ್ಲಿ ಒಂದು ಸಣ್ಣ ದ್ವೀಪ ಇದೆ. ಅದರ ಹೆಸರು ನ್ಯಾನ್ಸಿ ಐಲ್ಯಾಂಡ್.

ಈ ದ್ವೀಪ ಹುಟ್ಟಿದ್ದು ಒಂದು ಹಡಗಿನಿಂದ. 1814ರ ಆಗಸ್ಟಿನಲ್ಲಿ ನ್ಯಾನ್ಸಿ ಎಂಬ ಹಾಯಿಹಡಗು ಇಲ್ಲಿ ಸುಟ್ಟು ಮುಳುಗಿತು. ಮೇಲಿನಿಂದ ಹರಿದು ಬರುತ್ತಿದ್ದ ಹೂಳು ಆ ಹಡಗಿಗೆ ತಡೆದು ನಿಂತಿತು. ವರ್ಷ ವರ್ಷವೂ ಇನ್ನಷ್ಟು ಸೇರಿತು. ಕೊನೆಗೆ ಗಿಡಮರ ಬೆಳೆಯುವಷ್ಟು ನೆಲವೇ ಎದ್ದು ನಿಂತಿತು. ಒಂದು ಹಡಗು ತನ್ನ ಸಮಾಧಿಯನ್ನು ತಾನೇ ಕಟ್ಟಿಕೊಂಡ ಹಾಗೆ.

ನ್ಯಾನ್ಸಿ ಯಾವ ದೊಡ್ಡ ಯುದ್ಧವನ್ನೂ ಗೆದ್ದ ಹಡಗಲ್ಲ. ಅದು ಸಾಮಾನು ಸಾಗಿಸುವ ಹಡಗು, ಯುದ್ಧ ಬಂತು ಅಂತ ಫಿರಂಗಿ ಹೊತ್ತಿತು ಅಷ್ಟೆ. ಆದರೂ 1814ರಲ್ಲಿ ಇದೊಂದನ್ನು ಹಿಡಿಯುವುದಕ್ಕೆ ಅಮೆರಿಕದ ಮೂರು ಯುದ್ಧನೌಕೆಗಳು ಬಂದವು. ಯಾಕೆ ಅಂತ ಅರ್ಥ ಆಗಬೇಕಾದರೆ ಮೊದಲು ಆ ನೀರಿನ ಲೆಕ್ಕ ಗೊತ್ತಾಗಬೇಕು.

ಸರೋವರ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕೆರೆ, ಜಾಸ್ತಿ ಅಂದರೆ ಲಿಂಗನಮಕ್ಕಿ ಹಿನ್ನೀರು. ಹ್ಯೂರನ್ ಸರೋವರ ಒಂದೇ ಸುಮಾರು 59,600 ಚದರ ಕಿಲೋಮೀಟರ್. ಕರ್ನಾಟಕದ ಮೂರನೇ ಒಂದು ಭಾಗಕ್ಕೆ ಹತ್ತಿರ. ಇಂಥವು ಐದು ಇವೆ. ಮೇಲೆ ಸುಪೀರಿಯರ್, ಅದರ ಕೆಳಗೆ ಮಿಚಿಗನ್ ಮತ್ತು ಹ್ಯೂರನ್, ಆಮೇಲೆ ಈರಿ, ಕೊನೆಗೆ ಒಂಟಾರಿಯೊ. ನೀರು ಹ್ಯೂರನ್‌ನಿಂದ ಸೇಂಟ್ ಕ್ಲೇರ್ ನದಿ, ಡೆಟ್ರಾಯಿಟ್ ನದಿಗಳ ಮೂಲಕ ಈರಿಗೆ ಇಳಿಯುತ್ತದೆ. ಈರಿಯಿಂದ ಒಂಟಾರಿಯೊಗೆ ಇಳಿಯುವಾಗ ಸುಮಾರು 100 ಮೀಟರ್ ಕೆಳಗೆ ಹೋಗಬೇಕು. ನಡುವೆ ನಯಾಗರಾ ಜಲಪಾತ ಇದೆ. ಆಗಿನ ಕಾಲಕ್ಕೆ ಅಲ್ಲಿ ಹಡಗು ಹತ್ತಿಸಿ ಇಳಿಸುವ ಕಾಲುವೆ ಇರಲಿಲ್ಲ.

ಇದರ ಪರಿಣಾಮ ಏನು ಗೊತ್ತಾ? ಬ್ರಿಟನ್ ಬಳಿ ಜಗತ್ತಿನಲ್ಲೇ ದೊಡ್ಡ ನೌಕಾಪಡೆ ಇತ್ತು. ಟ್ರಾಫಾಲ್ಗರ್ ಸಮುದ್ರಯುದ್ಧ ಗೆದ್ದ ಹಡಗುಗಳಿದ್ದವು. ಅವುಗಳಲ್ಲಿ ಒಂದನ್ನೂ ಈ ಸರೋವರಗಳಿಗೆ ತರಲು ಆಗುತ್ತಿರಲಿಲ್ಲ. ಇಲ್ಲಿ ಹಡಗು ಬೇಕಾದರೆ ಇಲ್ಲೇ ಮರ ಕಡಿದು ಇಲ್ಲೇ ಕಟ್ಟಬೇಕು. ಒಂಟಾರಿಯೊ ಸರೋವರದಲ್ಲಿ ಕಟ್ಟಿದ ಹಡಗನ್ನು ಈರಿಗೆ ತರಲು ಆಗದು. ಆದ್ದರಿಂದ ಮೇಲಿನ ಸರೋವರಗಳಲ್ಲಿ ಯಾರ ಬಳಿ ಒಂದು ಹಡಗು ಇದೆಯೋ ಅದೇ ಅವರ ಇಡೀ ನೌಕಾಪಡೆ. ಅದು ಹೋದರೆ ಇನ್ನೊಂದು ಕಟ್ಟಲು ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ನೀರು ಹೆಪ್ಪುಗಟ್ಟಿರುತ್ತದೆ.

ನ್ಯಾನ್ಸಿ ಹುಟ್ಟಿದ್ದು 1789ರಲ್ಲಿ, ಡೆಟ್ರಾಯಿಟ್‌ನಲ್ಲಿ. ಕಟ್ಟಿಸಿದ್ದು ಮಾಂಟ್ರಿಯಲ್‌ನ ತುಪ್ಪಳ ವ್ಯಾಪಾರಿಗಳಾದ ಫಾರ್ಸಿತ್, ರಿಚರ್ಡ್‌ಸನ್ ಕಂಪನಿ. ತುಪ್ಪಳ ಅಂದರೆ ಮುಖ್ಯವಾಗಿ ಬೀವರ್ ಎಂಬ ಪ್ರಾಣಿಯ ಚರ್ಮ, ಯುರೋಪಿನಲ್ಲಿ ಟೋಪಿ ಮಾಡಲು ಅದಕ್ಕೆ ಬಹಳ ಬೇಡಿಕೆ ಇತ್ತು. ಕಂಪನಿಯ ಪಾಲುದಾರ ಜಾನ್ ರಿಚರ್ಡ್‌ಸನ್ ತಾನೇ ಡೆಟ್ರಾಯಿಟ್‌ಗೆ ಬಂದು ಕೆಲಸ ನೋಡಿಕೊಂಡ. ಓಕ್ ಮತ್ತು ಕೆಂಪು ಸೀಡರ್ ಮರ ಹಾಕಿಸಿದ. ಉದ್ದ ಸುಮಾರು 80 ಅಡಿ, ಅಗಲ 22 ಅಡಿ. ಹೊಟ್ಟೆಯಲ್ಲಿ 350 ಪೀಪಾಯಿ ಹಿಡಿಯುತ್ತಿತ್ತು. ಮೂತಿಗೆ ಒಂದು ಗೊಂಬೆ ಬೇಕು ಅಂತ ನ್ಯೂಯಾರ್ಕಿನ ಕೆತ್ತನೆಯವನಿಗೆ ಹೇಳಿ ಕಳಿಸಿದ. ಆ ಕಾಲದ ಫ್ಯಾಷನ್ನಿನ ಉಡುಪು ತೊಟ್ಟು, ಗರಿ ಸಿಕ್ಕಿಸಿದ ಟೋಪಿ ಇಟ್ಟ ಒಬ್ಬ ಹೆಂಗಸಿನ ಗೊಂಬೆ. ಕಾಡಿನ ಅಂಚಿನಲ್ಲಿ ಚರ್ಮದ ಮೂಟೆ ಹೊರುವ ಹಡಗಿಗೆ ಇಷ್ಟು ಅಕ್ಕರೆಯ ಅಲಂಕಾರ ಯಾಕೆ ಬೇಕಿತ್ತು ಅಂತ ಯಾರಾದರೂ ಕೇಳಬಹುದು. ನನಗಂತೂ ಇದು ಓದಿದಾಗಲೇ ಆ ಹಡಗಿನ ಮೇಲೆ ಪ್ರೀತಿ ಹುಟ್ಟಿದ್ದು.

ನ್ಯಾನ್ಸಿ ಒಂದು ಸ್ಕೂನರ್. ಅಂದರೆ ಎರಡು ಹಾಯಿಕಂಬ, ಮತ್ತು ಹಾಯಿಗಳು ಹಡಗಿನ ಉದ್ದಕ್ಕೆ ಸರಿಯಾಗಿ, ಮೂತಿಯಿಂದ ಹಿಂಬದಿಯ ಕಡೆಗೆ ಕಟ್ಟಿರುತ್ತವೆ. ಸಮುದ್ರದ ದೊಡ್ಡ ಹಡಗುಗಳ ಚೌಕ ಹಾಯಿ ಅಡ್ಡಕ್ಕೆ ಇರುತ್ತದೆ, ಬೆನ್ನ ಹಿಂದಿನಿಂದ ಗಾಳಿ ಬಂದರೆ ಚೆನ್ನಾಗಿ ಓಡುತ್ತದೆ. ಸ್ಕೂನರ್ ಹಾಗಲ್ಲ, ಗಾಳಿ ಎದುರಿನಿಂದ ಓರೆಯಾಗಿ ಬಂದರೂ ಅಂಕುಡೊಂಕಾಗಿ ಮುಂದೆ ಹೋಗಬಲ್ಲದು. ಜನ ಕಡಿಮೆ ಸಾಕು. ಸರೋವರಕ್ಕೆ ಇದು ಹೇಳಿ ಮಾಡಿಸಿದ ಹಾಗಿತ್ತು. ಸಮುದ್ರದಲ್ಲಿ ಬಿರುಗಾಳಿ ಬಂದರೆ ದಡದಿಂದ ದೂರ ಓಡಿ ಬಚಾವಾಗಬಹುದು. ಸರೋವರದಲ್ಲಿ ಯಾವ ಕಡೆ ಓಡಿದರೂ ಸ್ವಲ್ಪ ಹೊತ್ತಿಗೆ ಇನ್ನೊಂದು ದಡ ಬರುತ್ತದೆ, ಬಂಡೆ ಬರುತ್ತದೆ. ತಟ್ಟನೆ ತಿರುಗುವ ಹಡಗೇ ಅಲ್ಲಿ ಬದುಕುವುದು.

ಹೀಗೆ 23 ವರ್ಷ ನ್ಯಾನ್ಸಿ ಮೇಲಕ್ಕೆ ಹೋಗುವಾಗ ದಿನಸಿ, ಬಟ್ಟೆ, ಬಂದೂಕು ಹೊತ್ತು, ಕೆಳಕ್ಕೆ ಬರುವಾಗ ಚರ್ಮದ ಮೂಟೆ ಹೊತ್ತು ಓಡಾಡಿತು. ನಡುವೆ ಒಡೆಯರು ಬದಲಾದರು, ನಾರ್ತ್ ವೆಸ್ಟ್ ಕಂಪನಿಯ ಕೈಗೆ ಹೋಯಿತು. ಹೆಚ್ಚು ಹೇಳುವಂಥದ್ದೇನೂ ಆಗಲಿಲ್ಲ.

1812ರ ಜೂನ್ 18ರಂದು ಅಮೆರಿಕ ಬ್ರಿಟನ್ ಮೇಲೆ ಯುದ್ಧ ಸಾರಿತು. ಸಮುದ್ರದಲ್ಲಿ ಅಮೆರಿಕದ ನಾವಿಕರನ್ನು ಬ್ರಿಟಿಷರು ಹಿಡಿದೊಯ್ಯುತ್ತಿದ್ದದ್ದು ಒಂದು ಕಾರಣ, ವ್ಯಾಪಾರಕ್ಕೆ ತಡೆ ಒಂದು ಕಾರಣ, ಪಶ್ಚಿಮದ ಮೂಲನಿವಾಸಿಗಳ ನೆಲದ ಮೇಲಿನ ಕಣ್ಣು ಇನ್ನೊಂದು. ಬ್ರಿಟನ್ ಆಗ ನೆಪೋಲಿಯನ್ ಜೊತೆ ಸೆಣಸುತ್ತಿತ್ತು. ಕೈಗೆ ಎಟುಕುವಂತಿದ್ದ ಬ್ರಿಟಿಷ್ ನೆಲ ಅಂದರೆ ಕೆನಡಾ.

ಯುದ್ಧದ ಸುದ್ದಿ ಬಂದದ್ದೇ ತಡ, ಡೆಟ್ರಾಯಿಟ್ ನದಿಯ ಆಚೆ ದಡದಲ್ಲಿದ್ದ ಬ್ರಿಟಿಷ್ ಸೇನೆ ನ್ಯಾನ್ಸಿಯನ್ನು ವಶಕ್ಕೆ ತೆಗೆದುಕೊಂಡಿತು. ನಾಲ್ಕು ಪೌಂಡಿನ ಆರು ಫಿರಂಗಿ, ಜೊತೆಗೆ ಎತ್ತ ಬೇಕಾದರೂ ತಿರುಗಿಸಬಹುದಾದ ಆರು ಸಣ್ಣ ಫಿರಂಗಿಗಳನ್ನು ಕೂರಿಸಿತು. ಇಲ್ಲಿ ಪೌಂಡ್ ಅಂದರೆ ಗುಂಡಿನ ತೂಕ. ನಾಲ್ಕು ಪೌಂಡ್ ಅಂದರೆ ಎರಡು ಕೆ.ಜಿ.ಗಿಂತ ಸ್ವಲ್ಪ ಕಡಿಮೆ, ಯುದ್ಧದ ಲೆಕ್ಕದಲ್ಲಿ ಚಿಕ್ಕದು. ಕ್ಯಾಪ್ಟನ್ ಮಾತ್ರ ಹಳಬನೇ, ಅಲೆಕ್ಸಾಂಡರ್ ಮ್ಯಾಕಿಂಟಾಶ್. ಮೊದಲ ವರ್ಷ ಪೂರ್ತಿ ಈರಿ ಸರೋವರದಲ್ಲಿ ಸೈನಿಕರನ್ನೂ ಸಾಮಾನನ್ನೂ ಹೊತ್ತು ತಿರುಗಿತು. 1813ರ ವಸಂತದಲ್ಲಿ ಬ್ರಿಟಿಷ್ ಜನರಲ್ ಪ್ರಾಕ್ಟರ್ ಅಮೆರಿಕದ ಫೋರ್ಟ್ ಮೆಗ್ಸ್ ಕೋಟೆ ಮೇಲೆ ಮುತ್ತಿಗೆ ಹಾಕಲು ಹೊರಟಾಗ ಅವನ ಸೈನ್ಯ ಹೊತ್ತ ಹಡಗುಗಳಲ್ಲಿ ಇದೂ ಒಂದು.

ಈಗ ಮ್ಯಾಕಿನಾ ದ್ವೀಪದ ವಿಷಯ ಹೇಳಲೇಬೇಕು, ಯಾಕಂದರೆ ಮುಂದಿನ ಕತೆಯೆಲ್ಲ ಅದಕ್ಕೇ ಜೋತುಬಿದ್ದಿದೆ. ಹ್ಯೂರನ್ ಮತ್ತು ಮಿಚಿಗನ್ ಸರೋವರ ಸೇರುವ ಜಲಸಂಧಿಯಲ್ಲಿ ಈ ದ್ವೀಪ ಇದೆ. ದೋಣಿಯಲ್ಲಿ ಹ್ಯೂರನ್‌ನಿಂದ ಮಿಚಿಗನ್ ಸರೋವರಕ್ಕೆ ಹೋಗುವ ಯಾರೇ ಆಗಲಿ ಇದರ ಮುಂದೆಯೇ ಹೋಗಬೇಕು. ತುಪ್ಪಳ ವ್ಯಾಪಾರದ ಚಾವಡಿ ಇದು. ಅದಕ್ಕಿಂತ ಹೆಚ್ಚಾಗಿ ಒಡಾವಾ, ಒಜಿಬ್ವೆ ಮತ್ತು ಇನ್ನೂ ಹಲವು ಮೂಲನಿವಾಸಿ ಜನಾಂಗಗಳು ಸೇರುವ ಜಾಗ. ಮ್ಯಾಕಿನಾ ಯಾರ ಕೈಯಲ್ಲಿದೆಯೋ ಅವರ ಜೊತೆ ಆ ಜನ ನಿಲ್ಲುತ್ತಿದ್ದರು, ಆ ಜನ ಯಾರ ಜೊತೆ ನಿಂತರೋ ಪಶ್ಚಿಮ ಅವರದ್ದು. ಯುದ್ಧ ಶುರುವಾದ ಒಂದೇ ತಿಂಗಳಿಗೆ, 1812ರ ಜುಲೈ 17ರಂದು, ಬ್ರಿಟಿಷರು ಮತ್ತು ಮೂಲನಿವಾಸಿಗಳು ಸೇರಿ ಒಂದು ಜೀವವೂ ಹೋಗದಂತೆ ಈ ಕೋಟೆ ಹಿಡಿದಿದ್ದರು. ಒಳಗಿದ್ದ ಅಮೆರಿಕದ ಅಧಿಕಾರಿಗೆ ಯುದ್ಧ ಶುರುವಾಗಿದೆ ಅಂತಲೇ ಗೊತ್ತಿರಲಿಲ್ಲ.

ಹಿಡಿಯುವುದು ಸುಲಭವಾಯಿತು. ಹೊಟ್ಟೆಗೆ ಹಾಕುವುದು ಕಷ್ಟವಾಯಿತು. ಆ ಚಳಿಯ ಕಲ್ಲುನೆಲದಲ್ಲಿ ಒಂದು ಕೋಟೆಗೆ ಸಾಕಾಗುವಷ್ಟು ಬೆಳೆ ಬರುವುದಿಲ್ಲ. ಹಿಟ್ಟು, ಉಪ್ಪು ಹಾಕಿದ ಹಂದಿಮಾಂಸ, ಮದ್ದುಗುಂಡು, ಚಪ್ಪಲಿ, ಮೇಣದಬತ್ತಿ, ಎಲ್ಲ ಕೆಳಗಿನಿಂದ ಬರಬೇಕು. ಜೊತೆಗೆ ಬಂದ ಮೂಲನಿವಾಸಿ ಮಿತ್ರರಿಗೂ ಅವರ ಮನೆಯವರಿಗೂ ಕೊಡಬೇಕು, ಯುದ್ಧಕ್ಕೆ ಬಂದವರು ಬೇಟೆಗೆ ಹೋಗಲು ಆಗದಲ್ಲ. ವರ್ಷದಲ್ಲಿ ಮಂಜುಗಡ್ಡೆ ಕರಗಿರುವ ತಿಂಗಳುಗಳಲ್ಲಷ್ಟೇ ಇದನ್ನೆಲ್ಲ ಸಾಗಿಸಬೇಕು.

1813ರ ಸೆಪ್ಟೆಂಬರ್ 10ರಂದು ಈರಿ ಸರೋವರದಲ್ಲಿ ಅಮೆರಿಕದ ಆಲಿವರ್ ಪೆರಿ ಬ್ರಿಟಿಷರ ಆರಕ್ಕೆ ಆರು ಹಡಗುಗಳನ್ನೂ ಹಿಡಿದುಬಿಟ್ಟ. ನ್ಯಾನ್ಸಿ ಆಗ ಹ್ಯೂರನ್ ಕಡೆ ಮ್ಯಾಕಿನಾಗೆ ಸಾಮಾನು ಕೊಡಲು ಹೋಗಿತ್ತು. ಸುದ್ದಿ ಅಲ್ಲಿಗೆ ಮುಟ್ಟಿರಲಿಲ್ಲ. ಏನೂ ಗೊತ್ತಿಲ್ಲದೆ ಮ್ಯಾಕಿಂಟಾಶ್ ಅಕ್ಟೋಬರ್ 5ರಂದು ಸೇಂಟ್ ಕ್ಲೇರ್ ನದಿಯೊಳಗೆ ಬಂದ. ಅದೇ ದಿನ ಇನ್ನೊಂದು ಕಡೆ, ಕೆನಡಾದಲ್ಲೇ ಇರುವ ಥೇಮ್ಸ್ ಎಂಬ ನದಿ ಬಳಿ ಪ್ರಾಕ್ಟರನ ಸೈನ್ಯ ಸೋತು ಚದುರಿತ್ತು, ಮೂಲನಿವಾಸಿಗಳ ದೊಡ್ಡ ನಾಯಕ ಟೆಕಮ್ಸೆ ಸತ್ತಿದ್ದ.

ಮಾರನೇ ದಿನ ಅಮೆರಿಕದ ಮಿಲಿಷಿಯಾದವರು, ಅಂದರೆ ಊರ ಜನರಿಂದಲೇ ಕಟ್ಟಿದ ಪಡೆಯವರು, ದಡದಲ್ಲಿ ಬಿಳಿ ಬಾವುಟ ತೋರಿಸಿ, ಹಡಗು ಒಪ್ಪಿಸು ಅಂದರು. ಮ್ಯಾಕಿಂಟಾಶ್ ಒಪ್ಪಲಿಲ್ಲ. ಇಲ್ಲಿ ಒಂದು ವಿಷಯ ಗಮನಿಸಿ. ಆ ನದಿಯ ಬಾಯಿಯಲ್ಲಿ ನೀರಿನ ಸೆಳೆತ ಬಹಳ ಜೋರು, ಹ್ಯೂರನ್‌ನಿಂದ ಕೆಳಕ್ಕೆ ತಳ್ಳುತ್ತದೆ. ಇಳಿಯುವುದು ಸಲೀಸು. ವಾಪಸ್ ಹತ್ತಬೇಕಾದರೆ ಹಿಂದಿನಿಂದ ಒಳ್ಳೆ ಗಾಳಿ ಬೇಕೇ ಬೇಕು. ಮ್ಯಾಕಿಂಟಾಶ್ ಲಂಗರು ಎತ್ತಿ, ದಡದಿಂದ ಬರುತ್ತಿದ್ದ ಗುಂಡಿಗೆ ಉತ್ತರ ಕೊಡುತ್ತಲೇ ಹಡಗನ್ನು ಆ ಸೆಳೆತದ ಮೇಲೆ ಹತ್ತಿಸಿ ಸರೋವರ ಸೇರಿಸಿದ. ಅಲ್ಲಿ ಬಿರುಗಾಳಿ ಹಿಡಿಯಿತು. ಹಾಯಿ ಹರಿದು, ಹಗ್ಗ ಸವೆದು, ಹೇಗೋ ಅಕ್ಟೋಬರ್ 18ರಂದು ಮ್ಯಾಕಿನಾ ಮುಟ್ಟಿತು. ಆಮೇಲೆ ಚಳಿಗಾಲ ಕಳೆಯಲು ಹ್ಯೂರನ್ ಮತ್ತು ಸುಪೀರಿಯರ್ ನಡುವಿನ ಸೂ ಸೇಂಟ್ ಮರೀಗೆ ಹೋಗಿ ನಿಂತು ರಿಪೇರಿ ಮಾಡಿಸಿಕೊಂಡಿತು.

ಅಲ್ಲಿಗೆ ಲೆಕ್ಕ ಹೀಗಾಯಿತು. ಈರಿ ಸರೋವರ ಅಮೆರಿಕದ್ದು. ಡೆಟ್ರಾಯಿಟ್ ನದಿ ಅಮೆರಿಕದ್ದು. ಮ್ಯಾಕಿನಾಗೆ ಇದ್ದ ಹಳೇ ದಾರಿ ಪೂರ್ತಿ ಮುಚ್ಚಿತು. ಮೇಲಿನ ಸರೋವರಗಳಲ್ಲಿ ಬ್ರಿಟಿಷರ ಕೈಯಲ್ಲಿ ಉಳಿದ ಯುದ್ಧಕ್ಕಾಗುವ ಹಡಗು ನ್ಯಾನ್ಸಿ ಒಂದೇ.

ಹೊಸ ದಾರಿ ಹುಡುಕಿದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ನನ್ನ ಮಟ್ಟಿಗೆ ಈ ಇಡೀ ಕತೆಯಲ್ಲಿ ಅತಿ ದೊಡ್ಡ ಸಾಹಸ ಇದೇ. ಯಾರ್ಕ್, ಅಂದರೆ ಇವತ್ತಿನ ಟೊರಾಂಟೊ, ಅಲ್ಲಿಂದ ಯಂಗ್ ಸ್ಟ್ರೀಟ್ ಹಿಡಿದು ಉತ್ತರಕ್ಕೆ. ಇವತ್ತು ಸಬ್‌ವೇ, ಅಂಗಡಿ ಸಾಲು ಇರುವ ಅದೇ ಯಂಗ್ ಸ್ಟ್ರೀಟ್. ಆಗ ಅದು ಕಾಡಿನ ನಡುವೆ ಬೇರು ಕಿತ್ತ ಹಳ್ಳದ ದಾರಿ. ಅದು ಮುಗಿದ ಕಡೆ ಸಿಮ್ಕೋ ಸರೋವರ. ಅದನ್ನು ದಾಟಿ ಈಗಿನ ಬ್ಯಾರಿ ಊರಿನ ಹತ್ತಿರ ಇಳಿಯಬೇಕು. ಅಲ್ಲಿಂದ ಒಂಬತ್ತು ಮೈಲಿ ಎಲ್ಲವನ್ನೂ ಹೆಗಲ ಮೇಲೆ ಅಥವಾ ಎತ್ತಿನ ಮೇಲೆ ಸಾಗಿಸಬೇಕು. ಒಂದು ಸಣ್ಣ ತೊರೆ ಸಿಗುತ್ತದೆ, ತೊರೆ ನಾಟವಸಾಗ ನದಿಗೆ ಸೇರುತ್ತದೆ, ನದಿ ವಸಾಗ ಬಳಿ ಹ್ಯೂರನ್‌ಗೆ ಬೀಳುತ್ತದೆ. ಒಂದು ಪೀಪಾಯಿ ಹಿಟ್ಟು ಗಾಡಿಗೆ, ದೋಣಿಗೆ, ಹೆಗಲಿಗೆ, ಮತ್ತೆ ದೋಣಿಗೆ ಏರಿ ಇಳಿದು ಕೊನೆಗೆ ನ್ಯಾನ್ಸಿಯ ಹೊಟ್ಟೆ ಸೇರಬೇಕು. ಅಲ್ಲಿಂದ ಇನ್ನೂ ಸರೋವರದ ಆ ತುದಿಗೆ ಹೋಗಬೇಕು.

1814ರ ಚಳಿಗಾಲದಲ್ಲಿ ಲೆಫ್ಟಿನೆಂಟ್ ಕರ್ನಲ್ ರಾಬರ್ಟ್ ಮೆಕ್‌ಡೊವಲ್ ಈ ದಾರಿಯಲ್ಲಿ ಸೈನಿಕರನ್ನು ಕರೆದುಕೊಂಡು ಹೋಗಿ, ನದಿಯ ದಡದ ಕಾಡಿನಲ್ಲೇ ಸುಮಾರು 30 ದೋಣಿ ಕಟ್ಟಿಸಿದ. ಏಪ್ರಿಲ್ 25ಕ್ಕೆ ಹೊರಟು, ತೇಲುವ ಮಂಜುಗಡ್ಡೆಯ ನಡುವೆ ಹುಟ್ಟು ಹಾಕುತ್ತ ಮೇ 18ಕ್ಕೆ ಮ್ಯಾಕಿನಾ ಮುಟ್ಟಿದ. ಆ ಬೇಸಿಗೆಯಲ್ಲಿ ನ್ಯಾನ್ಸಿ ನಾಟವಸಾಗದಿಂದ ಮ್ಯಾಕಿನಾಗೆ ಮತ್ತೆ ಮತ್ತೆ ಹೋಗಿ ಬಂದು ಕೋಟೆಯ ಉಗ್ರಾಣ ತುಂಬಿತು. ಮೆಕ್‌ಡೊವಲ್ ಅಲ್ಲಿ ಕೂತು ಎಷ್ಟು ಗಟ್ಟಿಯಾದನೆಂದರೆ, ಜುಲೈಯಲ್ಲಿ ಮಿಸಿಸಿಪಿ ನದಿಯ ಮೇಲಿನ ಪ್ರೇರಿ ಡು ಶೀನ್ ಕೋಟೆ ಹಿಡಿಯಲು ಇಲ್ಲಿಂದಲೇ ಒಂದು ದಂಡು ಕಳಿಸಿ ಗೆದ್ದ. ಆ ಗೆಲುವಿನ ಹಿಂದೆ ಇದ್ದದ್ದೂ ಇದೇ ಪೀಪಾಯಿಗಳು.

ಅಮೆರಿಕದವರು ಸುಮ್ನೆ ಕೂರಲಿಲ್ಲ. ಜುಲೈ ಆರಂಭದಲ್ಲಿ ಕ್ಯಾಪ್ಟನ್ ಆರ್ಥರ್ ಸಿಂಕ್ಲೇರ್ ಐದು ಹಡಗು ತಂದ. ನಯಾಗರಾ, ಲಾರೆನ್ಸ್, ಕ್ಯಾಲೆಡೋನಿಯಾ, ಸ್ಕಾರ್ಪಿಯನ್, ಟೈಗ್ರೆಸ್. ಜೊತೆಗೆ ಲೆಫ್ಟಿನೆಂಟ್ ಕರ್ನಲ್ ಜಾರ್ಜ್ ಕ್ರೋಗನ್‌ನ ಸೈನಿಕರು. ದಾರಿಯಲ್ಲಿ ಸಿಕ್ಕಿದ ಸೇಂಟ್ ಜೋಸೆಫ್ ಕೋಟೆ ಸುಟ್ಟರು, ಸೂ ಸೇಂಟ್ ಮರೀಯ ತುಪ್ಪಳ ಮಳಿಗೆಗಳನ್ನು ಸುಟ್ಟರು. ಆಗಸ್ಟ್ 4ರಂದು ಮ್ಯಾಕಿನಾ ಮೇಲೆ ಇಳಿದರು. ದ್ವೀಪದ ಎತ್ತರಕ್ಕೆ ಹಡಗಿನ ಫಿರಂಗಿ ಎಟುಕಲಿಲ್ಲ, ಕಾಡಿನೊಳಗೆ ಬ್ರಿಟಿಷರು ಮತ್ತು ಮೂಲನಿವಾಸಿ ಯೋಧರು ಕಾದಿದ್ದರು, ಸೋತು ಹಿಂದಕ್ಕೆ ಬಂದರು. ಆಗ ಸಿಂಕ್ಲೇರ್‌ಗೆ ಸರಿಯಾದ ಯೋಚನೆ ಹೊಳೆಯಿತು. ಕೋಟೆಯನ್ನು ಹೊಡೆದು ಗೆಲ್ಲಲು ಆಗದಿದ್ದರೆ ಉಪವಾಸ ಕೆಡವಿ ಗೆಲ್ಲಬಹುದು. ಅದಕ್ಕೆ ನ್ಯಾನ್ಸಿ ಒಂದನ್ನು ಮುಗಿಸಿದರೆ ಸಾಕು.

ಆ ಹೊತ್ತಿಗೆ ನ್ಯಾನ್ಸಿಯ ಹೊಣೆ ಲೆಫ್ಟಿನೆಂಟ್ ಮಿಲ್ಲರ್ ವರ್ಸ್ಲಿ ಕೈಗೆ ಬಂದಿತ್ತು. ವಯಸ್ಸು 23. ಹುಡುಗನಾಗಿದ್ದಾಗಲೇ ಟ್ರಾಫಾಲ್ಗರ್ ನೋಡಿದವನು. ಆಗಸ್ಟ್ 1ರಂದು 300 ಪೀಪಾಯಿ ದಿನಸಿ ಹೇರಿಕೊಂಡು ಮ್ಯಾಕಿನಾ ಕಡೆ ಹೊರಟಿದ್ದ. ಮೆಕ್‌ಡೊವಲ್ ಅವನನ್ನು ತಡೆಯಲು ರಾಬರ್ಟ್ ಲಿವಿಂಗ್‌ಸ್ಟನ್ ಎಂಬವನನ್ನು ಕನೂ ದೋಣಿಯಲ್ಲಿ ಓಡಿಸಿದ. ಆ ವಿಶಾಲ ನೀರಿನಲ್ಲಿ ಅವನು ಹಡಗನ್ನು ಹುಡುಕಿ ಹಿಡಿದು, ಮುಂದೆ ಶತ್ರುಗಳಿದ್ದಾರೆ, ವಾಪಸ್ ತಿರುಗಿಸಿ ಅಂದ. ವರ್ಸ್ಲಿ ನಾಟವಸಾಗಕ್ಕೆ ಮರಳಿ, ಹಡಗನ್ನು ನದಿಯೊಳಗೆ ಸುಮಾರು ಎರಡು ಮೈಲಿ ಎಳೆಸಿಕೊಂಡು ಹೋಗಿ ಬಚ್ಚಿಟ್ಟ.

ಬಚ್ಚಿಟ್ಟ ಜಾಗ ಹೇಗಿತ್ತು ಅಂತ ಹೇಳಬೇಕಾದರೆ ಮರವಂತೆ ನೋಡಿದವರಿಗೆ ಸುಲಭ. ಅಲ್ಲಿ ಸೌಪರ್ಣಿಕಾ ನದಿ ಸಮುದ್ರದ ಪಕ್ಕಕ್ಕೇ ಬಂದು, ನಡುವೆ ಒಂದು ಪಟ್ಟಿಯಷ್ಟೇ ನೆಲ ಬಿಟ್ಟು, ಉದ್ದಕ್ಕೆ ಹರಿಯುತ್ತದಲ್ವಾ, ನಾಟವಸಾಗವೂ ಹಾಗೇ. ಅಳಿವೆಯಿಂದ ನೀರಿನ ದಾರಿಯಲ್ಲಿ ಹೋದರೆ ಹಡಗು ಎರಡು ಮೈಲಿ ದೂರ. ಆದರೆ ಸರೋವರದಿಂದ ಅಡ್ಡಕ್ಕೆ ನೋಡಿದರೆ ನಡುವೆ ಬರೀ ಮರಳು ದಿಬ್ಬ ಮತ್ತು ಮರಗಳು. ಕಣ್ಣಿಗೆ ಮರೆ. ಗುಂಡಿಗೆ ಮರೆಯಲ್ಲ. ಅದಕ್ಕೇ ವರ್ಸ್ಲಿ ಎದುರಿನ ಎತ್ತರದ ದಡದಲ್ಲಿ ದಪ್ಪ ಮರದ ದಿಮ್ಮಿಗಳ ಒಂದು ಕಾವಲುಮನೆ ಕಟ್ಟಿ, ಹಡಗಿನಲ್ಲಿ ಆಗ ಇದ್ದ ಫಿರಂಗಿಗಳನ್ನು ಇಳಿಸಿ ಅಲ್ಲಿಟ್ಟ. 24 ಪೌಂಡಿನ ಎರಡು ಕ್ಯಾರನೇಡ್, 6 ಪೌಂಡಿನ ಒಂದು ಫಿರಂಗಿ. ಕ್ಯಾರನೇಡ್ ಅಂದರೆ ಗಿಡ್ಡ ಫಿರಂಗಿ, ದೊಡ್ಡ ಗುಂಡು ಹಾರಿಸುತ್ತದೆ, ತೂಕ ಕಡಿಮೆ, ಆದರೆ ದೂರ ಹೋಗುವುದಿಲ್ಲ.

ಎರಡು ಕಡೆಯ ಬಲ ನೋಡಿ. ವರ್ಸ್ಲಿಯ ಮೂರೂ ಫಿರಂಗಿ ಒಟ್ಟಿಗೆ ಹಾರಿಸಿದರೆ 54 ಪೌಂಡ್ ಕಬ್ಬಿಣ. ನಯಾಗರಾ ಒಂದೇ ಹಡಗು, ಈರಿಯ ಯುದ್ಧದಲ್ಲಿ ಅದರ ಮೇಲಿದ್ದ ಫಿರಂಗಿಗಳ ಲೆಕ್ಕ ಹಿಡಿದರೆ, ಒಂದು ಮಗ್ಗುಲಿನಿಂದ ಒಂದು ಸಲಕ್ಕೆ 300 ಪೌಂಡ್ ಕಬ್ಬಿಣ ಎಸೆಯುತ್ತಿತ್ತು. ಜನ? ವರ್ಸ್ಲಿ ಕಡೆ 22 ನಾವಿಕರು, 23 ಮೂಲನಿವಾಸಿ ಯೋಧರು, ಒಂಬತ್ತು ಜನ ಫ್ರೆಂಚ್ ಕೆನಡಿಯನ್ ದೋಣಿಯವರು.

ಆಗಸ್ಟ್ 13ರ ಹೊತ್ತಿಗೆ ನಯಾಗರಾ, ಸ್ಕಾರ್ಪಿಯನ್, ಟೈಗ್ರೆಸ್ ನಾಟವಸಾಗ ನದಿ ಸೇರುವ ಕೊಲ್ಲಿಗೆ ಬಂದವು. ನ್ಯಾನ್ಸಿ ಇನ್ನೂ ಹೊರಗೆ ಎಲ್ಲೋ ಇದೆ, ಬಂದಾಗ ಹಿಡಿಯೋಣ ಅಂತ ಸಿಂಕ್ಲೇರ್ ಅಂದುಕೊಂಡಿದ್ದ. ಅವನ ಜನ ಮರಳು ದಿಬ್ಬದ ಮೇಲೆ ಇಳಿದಾಗ ಆಚೆ ಬದಿಯಲ್ಲಿ ಹಡಗು ಕಣ್ಣಿಗೆ ಬಿತ್ತು.

14ರಂದು ಮೂರೂ ಹಡಗುಗಳು ಸರೋವರದಿಂದಲೇ ದಿಬ್ಬದಾಚೆಗೆ ಗುಂಡು ಹಾರಿಸಲು ಶುರು ಮಾಡಿದವು. ಮರಗಳು ಅಡ್ಡ ಇದ್ದದ್ದರಿಂದ ಗಂಟೆಗಟ್ಟಲೆ ದೊಡ್ಡ ಏಟು ಬೀಳಲಿಲ್ಲ. ಆಮೇಲೆ ಹೊವಿಟ್ಜರ್ ದಡಕ್ಕಿಳಿಸಿದರು. ಹೊವಿಟ್ಜರ್ ಗುಂಡನ್ನು ನೇರಕ್ಕೆ ಹೊಡೆಯುವುದಿಲ್ಲ, ಮೇಲಕ್ಕೆ ಎಸೆದು ತಲೆಯ ಮೇಲೆ ಬೀಳಿಸುತ್ತದೆ, ಬಿದ್ದ ಗುಂಡು ಸಿಡಿಯುತ್ತದೆ. ಮರ, ದಿಬ್ಬ ಯಾವುದೂ ಅದಕ್ಕೆ ತಡೆಯಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ವರ್ಸ್ಲಿಗೆ ಉಳಿಯುವುದಿಲ್ಲ ಅಂತ ಖಚಿತವಾಯಿತು. ಹಡಗು ಶತ್ರುವಿನ ಕೈಗೆ ಹೋಗಬಾರದು. ಕಾವಲುಮನೆಯಿಂದ ಹಡಗಿನವರೆಗೆ ಮದ್ದಿನ ಪುಡಿಯ ಗೆರೆ ಎಳೆದಿಟ್ಟಿದ್ದ. ಅವನು ಬೆಂಕಿ ಇಡುವ ಮೊದಲೇ ಒಂದು ಗುಂಡು ಕಾವಲುಮನೆಯ ಮೇಲೆ ಬಿದ್ದು ಮದ್ದು ಹೊತ್ತಿಕೊಂಡಿತು, ಆ ಗೆರೆ ಹಿಡಿದು ಬೆಂಕಿ ನ್ಯಾನ್ಸಿಗೆ ಹಬ್ಬಿತು. ಹಡಗು ನೀರಿನ ಮಟ್ಟದವರೆಗೆ ಉರಿದು ತಳ ಕಂಡಿತು. ಮುನ್ನೂರು ಪೀಪಾಯಿಯೂ ಅದರೊಳಗೇ ಹೋಯಿತು.

ವರ್ಸ್ಲಿ ಕಡೆ ಸತ್ತವನು ಒಬ್ಬ, ಗಾಯಗೊಂಡವನು ಒಬ್ಬ. ಉಳಿದವರೆಲ್ಲ ಕಾಡಿನೊಳಗೆ ಹೋದರು.

ಸಿಂಕ್ಲೇರ್ ನದಿಯ ಬಾಯಿಗೆ ಮರ ಕಡಿದು ಅಡ್ಡ ಹಾಕಿಸಿ, ಕಾವಲಿಗೆ ಸ್ಕಾರ್ಪಿಯನ್, ಟೈಗ್ರೆಸ್ ಎರಡನ್ನೂ ಬಿಟ್ಟು, ನಯಾಗರಾ ಜೊತೆ ಹೊರಟುಹೋದ. ಈ ಎರಡು ಚಿಕ್ಕ ಸ್ಕೂನರ್‌ಗಳ ಮೇಲೆ 24 ಪೌಂಡಿನ ಒಂದೊಂದು ದೊಡ್ಡ ಫಿರಂಗಿ ಇತ್ತು. ಸ್ವಲ್ಪ ದಿನಕ್ಕೆ ಅವೂ ತುಪ್ಪಳ ದೋಣಿಗಳನ್ನು ಹಿಡಿಯುವ ಆಸೆಗೆ ಅಲ್ಲಿಂದ ಉತ್ತರಕ್ಕೆ ಸರಿದವು. ನನಗನ್ನಿಸುವ ಮಟ್ಟಿಗೆ ಅಮೆರಿಕದವರು ಮಾಡಿದ ಒಂದೇ ದೊಡ್ಡ ತಪ್ಪು ಇದು. ಹಡಗು ಸುಟ್ಟರು, ದಾರಿ ಮುಚ್ಚುವುದನ್ನು ಅರ್ಧಕ್ಕೆ ಬಿಟ್ಟರು. ಹಡಗು ನಡೆಸುತ್ತಿದ್ದ ಜನ ಬದುಕಿದ್ದರು.

ಆಗಸ್ಟ್ 18ರ ರಾತ್ರಿ ವರ್ಸ್ಲಿ ಮತ್ತು ಅವನ ಜನ ಅಡ್ಡ ಹಾಕಿದ್ದ ಮರಗಳ ನಡುವೆ ದಾರಿ ಬಿಡಿಸಿಕೊಂಡು, ಉಳಿದಿದ್ದ ಎರಡು ಚಪ್ಪಟೆ ತಳದ ದೋಣಿ ಮತ್ತು ಲಿವಿಂಗ್‌ಸ್ಟನ್‌ನ ದೊಡ್ಡ ಕನೂ ಹತ್ತಿ ಹೊರಟರು. ಉತ್ತರದ ದಡ ಹಿಡಿದು ಸುಮಾರು 360 ಮೈಲಿ ಹುಟ್ಟು ಹಾಕಿದರು. ಸುಮ್ನೆ ಯೋಚಿಸಿ ನೋಡಿ, 580 ಕಿಲೋಮೀಟರ್, ಬೆಂಗಳೂರಿಂದ ಬೆಳಗಾವಿ ದಾಟುವಷ್ಟು ದೂರ, ಕೈಯಲ್ಲಿ ಹುಟ್ಟು ಹಿಡಿದು. ಸೇಂಟ್ ಜೋಸೆಫ್ ದ್ವೀಪದ ಹತ್ತಿರ ಬಂದಾಗ ಎದುರಿಗೆ ಅದೇ ಎರಡು ಹಡಗು ಕಂಡವು. ವರ್ಸ್ಲಿ ದೋಣಿಗಳನ್ನು ಬಚ್ಚಿಟ್ಟು, ಕತ್ತಲೆಯಲ್ಲಿ ಕನೂ ಒಂದರಲ್ಲೇ ಶತ್ರುವಿನ ಪಕ್ಕದಿಂದ ಜಾರಿ ಮ್ಯಾಕಿನಾ ಸೇರಿದ.

ಸೇರಿದವನು ದಿನಸಿ ಹೋಯಿತು ಅಂತ ಹೇಳಿ ಕೈಚೆಲ್ಲಿ ಕೂರಲಿಲ್ಲ. ಆ ಎರಡು ಹಡಗುಗಳನ್ನೇ ತರುತ್ತೇನೆ, ಜನ ಕೊಡಿ ಅಂದ. ಮೆಕ್‌ಡೊವಲ್ ರಾಯಲ್ ನ್ಯೂಫೌಂಡ್‌ಲ್ಯಾಂಡ್ ರೆಜಿಮೆಂಟಿನ 50 ಸೈನಿಕರನ್ನು ಲೆಫ್ಟಿನೆಂಟ್ ಆ್ಯಂಡ್ರೂ ಬಲ್ಜರ್ ಜೊತೆ ಕೊಟ್ಟ. ಈ ರೆಜಿಮೆಂಟಿನವರು ಮೀನುಗಾರಿಕೆಯ ನಾಡಿನವರು, ದೋಣಿ ಅವರಿಗೆ ಹೊಸದಲ್ಲ. ತುಪ್ಪಳ ವ್ಯಾಪಾರಿ ರಾಬರ್ಟ್ ಡಿಕ್ಸನ್ ಜೊತೆ ಸುಮಾರು 200 ಮೂಲನಿವಾಸಿ ಯೋಧರೂ ಹೊರಟರು.

ಸೆಪ್ಟೆಂಬರ್ 3ರ ರಾತ್ರಿ ಟೈಗ್ರೆಸ್ ಒಂದೇ ಲಂಗರು ಹಾಕಿ ನಿಂತಿತ್ತು. ಸ್ಕಾರ್ಪಿಯನ್ ಅಲ್ಲಿರಲಿಲ್ಲ. ನಾಲ್ಕು ದೋಣಿಗಳು ಸದ್ದಿಲ್ಲದೆ ಹತ್ತಿರ ಬಂದವು. ಕಾವಲಿನವನು ಕೂಗಿದ, ಉತ್ತರ ಬರಲಿಲ್ಲ. ಫಿರಂಗಿ ಹಾರಿಸುವ ಹೊತ್ತಿಗೆ ದೋಣಿಗಳು ಹಡಗಿನ ಮಗ್ಗುಲಿಗೇ ಬಂದಿದ್ದವು. ಎರಡೂ ಕಡೆಯಿಂದ ಹತ್ತಿದರು. ಕೈಕೈ ಮಿಲಾಯಿಸಿದ ಜಗಳ, ಐದು ನಿಮಿಷದಲ್ಲಿ ಮುಗಿಯಿತು. ಟೈಗ್ರೆಸ್‌ನ ಮುಖ್ಯಸ್ಥ ಸ್ಟೀಫನ್ ಚಾಂಪ್ಲಿನ್ ತೊಡೆಗೆ ಗುಂಡು ತಾಗಿ ಕೆಟ್ಟದಾಗಿ ಗಾಯಗೊಂಡ.

ಆಮೇಲೆ ವರ್ಸ್ಲಿ ಅಮೆರಿಕದ ಬಾವುಟವನ್ನು ಇಳಿಸಲೇ ಇಲ್ಲ. 5ರಂದು ಸ್ಕಾರ್ಪಿಯನ್ ಬಂದು ಸ್ವಲ್ಪ ದೂರದಲ್ಲಿ ಲಂಗರು ಹಾಕಿತು. ನಮ್ಮದೇ ಹಡಗು ಅಲ್ಲಿದೆ ಅಂತ ನೆಮ್ಮದಿಯಾಗಿ ಮಲಗಿದರು. 6ರ ನಸುಕಿನಲ್ಲಿ ಟೈಗ್ರೆಸ್ ಹಾಯಿ ಬಿಚ್ಚಿ ಹತ್ತಿರ ಬಂತು. ಮೇಲ್ಗಡೆ ಕೆಲವರಷ್ಟೇ ಓಡಾಡುತ್ತಿದ್ದರು. ಸೈನಿಕರು ದೊಡ್ಡ ಕೋಟು ಹೊದ್ದು ಹಡಗಿನ ಹಲಗೆಯ ಮೇಲೆ ಬೋರಲಾಗಿ ಮಲಗಿದ್ದರು. ಸ್ಕಾರ್ಪಿಯನ್‌ನವರು ಬೆಳಗಿನ ಕೆಲಸದಲ್ಲಿದ್ದರು, ಲೆಫ್ಟಿನೆಂಟ್ ಡೇನಿಯಲ್ ಟರ್ನರ್ ಕಡೆಯವರಿಗೆ ಅನುಮಾನ ಬರುವ ಹೊತ್ತಿಗೆ ಎರಡು ಹಡಗಿನ ನಡುವೆ ಕೆಲವೇ ಗಜ ಉಳಿದಿತ್ತು. ಒಂದು ಫಿರಂಗಿ ಏಟು, ಬಂದೂಕಿನ ಒಂದು ಸುತ್ತು, ಮತ್ತೆ ಹತ್ತಿದರು. ಮುಗಿಯಿತು.

ಈ ಎರಡಕ್ಕೆ ಸರ್ಪ್ರೈಸ್, ಕಾನ್ಫಿಯನ್ಸ್ ಅಂತ ಹೊಸ ಹೆಸರಿಟ್ಟರು. ಒಂದು ಸಾಮಾನು ಹಡಗು ಕಳೆದುಕೊಂಡ 23 ದಿನಕ್ಕೆ ವರ್ಸ್ಲಿ ಕೈಯಲ್ಲಿ ಎರಡು ಯುದ್ಧದ ಹಡಗು ಇದ್ದವು. ಮಂಜುಗಡ್ಡೆ ಕಟ್ಟುವ ಮೊದಲು ಅವುಗಳಲ್ಲೇ ನಾಟವಸಾಗದಿಂದ ಮ್ಯಾಕಿನಾಗೆ ದಿನಸಿ ಹೋಯಿತು. ಕೋಟೆ ಆ ಚಳಿಗಾಲ ದಾಟಿತು. ವರ್ಸ್ಲಿ ಮಾತ್ರ ಜ್ವರ ಹಿಡಿದು ಕೆಲಸ ಬಿಡಬೇಕಾಯಿತು.

1814ರ ಡಿಸೆಂಬರ್ 24ರಂದು ಈಗಿನ ಬೆಲ್ಜಿಯಂನ ಗೆಂಟ್ ಊರಿನಲ್ಲಿ ಯುದ್ಧ ಮುಗಿಸುವ ಒಪ್ಪಂದವಾಯಿತು. ಯುದ್ಧಕ್ಕೆ ಮೊದಲು ಯಾರದ್ದು ಏನಿತ್ತೋ ಅದು ಅವರಿಗೇ. ಮ್ಯಾಕಿನಾವನ್ನು 1815ರ ಬೇಸಿಗೆಯಲ್ಲಿ ಅಮೆರಿಕಕ್ಕೆ ವಾಪಸ್ ಕೊಟ್ಟರು. ಇದನ್ನು ಓದುವಾಗ ನನಗೆ ಹೊಟ್ಟೆ ಉರಿಯುತ್ತದೆ. ನಾಟವಸಾಗದ ದಡದಲ್ಲಿ ನಿಂತ ಆ 23 ಯೋಧರು, ಟೈಗ್ರೆಸ್ ಹಿಡಿಯಲು ಹೊರಟ ಆ 200 ಜನ, ಮ್ಯಾಕಿನಾದ ಕಾಡಿನಲ್ಲಿ ಕಾದವರು, ಇವರೆಲ್ಲ ತಮ್ಮ ನೆಲ ಉಳಿಯುತ್ತದೆ ಅಂತ ಬ್ರಿಟಿಷರ ಜೊತೆ ನಿಂತವರು. ಅವರ ಹಕ್ಕುಗಳನ್ನು ಮರಳಿಸುವ ಮಾತು ಒಪ್ಪಂದದ ಕಾಗದದಲ್ಲಿ ಬರೆದಿತ್ತು. ನೆಲದ ಮೇಲೆ ಅದು ನಡೆಯಲಿಲ್ಲ. ಬ್ರಿಟಿಷ್ ಅಧಿಕಾರಿಗಳಿಗೆ ಬಡ್ತಿ ಸಿಕ್ಕಿತು, ವರ್ಸ್ಲಿಗೂ ಸಿಕ್ಕಿತು. ಅವರ ಜೊತೆ ನಿಂತ ಆ ಯೋಧರಲ್ಲಿ ಹೆಚ್ಚಿನವರ ಹೆಸರು ಈ ಕತೆ ಹೇಳುವವರ ಬಾಯಲ್ಲಿ ಬರುವುದೇ ಇಲ್ಲ, ಬರೀ ಸಂಖ್ಯೆ ಬರುತ್ತದೆ. ನಾನೂ ಸಂಖ್ಯೆಯನ್ನೇ ಬರೆಯಬೇಕಾಗಿದೆ.

1817ರಲ್ಲಿ ರಷ್-ಬ್ಯಾಗಟ್ ಒಪ್ಪಂದದಲ್ಲಿ ಎರಡೂ ಕಡೆಯವರು ಈ ಸರೋವರಗಳಲ್ಲಿ ಯುದ್ಧದ ಹಡಗು ಇಡುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿದರು. ಒಂಟಾರಿಯೊದಲ್ಲಿ ಒಂದು, ಮೇಲಿನ ಸರೋವರಗಳಿಗೆಲ್ಲ ಸೇರಿ ಎರಡು, ಒಂದೊಂದೂ 100 ಟನ್ ಮೀರುವಂತಿಲ್ಲ, 18 ಪೌಂಡಿನ ಒಂದೇ ಫಿರಂಗಿ.

ನ್ಯಾನ್ಸಿ ಅಷ್ಟರಲ್ಲಿ ಹೂಳಿನ ಕೆಳಗೆ ಹೋಗುತ್ತಿತ್ತು. ಸಮುದ್ರದಲ್ಲಿ ಮುಳುಗಿದ್ದರೆ ಮರ ಕೊರೆಯುವ ಹುಳು ಅದನ್ನು ತಿಂದು ಮುಗಿಸಿರುತ್ತಿತ್ತು. ಸಿಹಿನೀರಿನಲ್ಲಿ ಆ ಹುಳು ಇಲ್ಲ. ನೀರು ತಣ್ಣಗಿತ್ತು, ಹೂಳಿನೊಳಗೆ ಗಾಳಿ ಹೋಗದು, ಓಕ್ ಮೊದಲೇ ಗಟ್ಟಿ ಮರ. ಹಾಗಾಗಿ ಬೆಂಕಿ ಉಳಿಸಿದ್ದನ್ನು ಹೂಳು ಕಾಪಾಡಿತು. 1920ರ ದಶಕದಲ್ಲಿ ದ್ವೀಪವನ್ನು ಅಗೆದು ಹಡಗಿನ ತಳಭಾಗವನ್ನು ಮೇಲೆತ್ತಿದರು. 1928ರ ಆಗಸ್ಟ್ 14ರಂದು, ಹಡಗು ಸುಟ್ಟ ಅದೇ ತಾರೀಖಿಗೆ ಸರಿಯಾಗಿ 114 ವರ್ಷಕ್ಕೆ, ಅಲ್ಲೇ ಮ್ಯೂಸಿಯಂ ತೆರೆದರು.

ಈಗ ಹೋದರೆ ನೋಡಬಹುದು. ಗರಿ ಟೋಪಿಯ ಹೆಂಗಸಿನ ಗೊಂಬೆ ಇಲ್ಲ, ಹಾಯಿಕಂಬ ಇಲ್ಲ. ಬೆನ್ನೆಲುಬಿನಂಥ ಒಂದು ಉದ್ದನೆ ಅಡಿಮರ, ಅದರ ಎರಡೂ ಬದಿಗೆ ಪಕ್ಕೆಲುಬಿನ ಹಾಗೆ ಬಾಗಿದ ಕಪ್ಪನೆ ಓಕ್ ತುಂಡುಗಳು. ಆ ಪಕ್ಕೆಲುಬುಗಳ ನಡುವೆ ಮುನ್ನೂರು ಪೀಪಾಯಿ ಹೇಗೆ ಜೋಡಿಸುತ್ತಿದ್ದರು ಅಂತ ಕಣ್ಣಿನಲ್ಲೇ ಅಳತೆ ಹಾಕಿ ನೋಡಬಹುದು, ಜಾಗ ಅಷ್ಟೇ ಇದೆ.